ಚಲಿಸುವ ಅಂಕಿಗಳು ಮತ್ತು ನಮ್ಮ ಜವಾಬ್ದಾರಿ

(ಶಿವಪುರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಪರಮ ದಯಾಮಯನಾದ ಅಲ್ಲಾಹನನ್ನು ಸ್ಮರಿಸುತ್ತಾ ನನ್ನ ಮಾತು ಆರಂಭಿಸುತ್ತೇನೆ.



ಶಿವಪುರ ಎಂದರೆ ನಾಡಿಗೆಲ್ಲ ನೆನಪಾಗುವುದು 1938ರ ಏಪ್ರಿಲ್ ತಿಂಗಳ ಧ್ವಜ ಸತ್ಯಾಗ್ರಹ. ಅಂಥ ನೆಲದಲ್ಲಿ ನಿಂತು ಕಂಪ್ಯೂಟರಿನ ಮಾತಾಡಲು ನನಗೆ ಸ್ವಲ್ಪ ಸಂಕೋಚವೇ ಆಗುತ್ತಿದೆ. ಆದರೆ ಕಾರ್ಯದರ್ಶಿಗಳು "ಮಕ್ಕಳಿಗೆ ಉಪಯೋಗವಾಗುವ ಏನಾದರೂ ಹೇಳಿ, ಬರೀ ಉಪದೇಶ ಬೇಡ" ಎಂದಿದ್ದಾರೆ. ಆದ್ದರಿಂದ ಇಂದು ಒಂದು ಕೆಲಸವನ್ನು ಹೇಳಿಕೊಡುತ್ತೇನೆ. ಅಂಕಿಅಂಶಗಳ ಗ್ರಾಫನ್ನು ಚಲಿಸುವಂತೆ ಮಾಡಿ, ಅದನ್ನು ಯಾರ ಮೊಬೈಲಿನಲ್ಲಾದರೂ, ಯಾವ ಬ್ರೌಸರಿನಲ್ಲಾದರೂ ಓಡುವ ವಿಡಿಯೋ ಆಗಿ ಹೊರತರುವ ಕೆಲಸ. ಆ ಕೆಲಸ ಮಾಡುವಾಗ ನಾನು ಮಾಡಿದ ಎರಡು ತಪ್ಪುಗಳನ್ನೂ ಹೇಳುತ್ತೇನೆ. ಒಂದು ತಪ್ಪು ಯಂತ್ರಕ್ಕೆ ಸಂಬಂಧಿಸಿದ್ದು, ಇನ್ನೊಂದು ಪ್ರಾಮಾಣಿಕತೆಗೆ ಸಂಬಂಧಿಸಿದ್ದು. ಮೊದಲನೆಯದನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು. ಎರಡನೆಯದಕ್ಕೆ ಅಭ್ಯಾಸ ಬೇಕು.

ನಮಗೆ ಗೊತ್ತಿರುವ ಗ್ರಾಫ್

ಗ್ರಾಫ್ ಎಂದಾಕ್ಷಣ ಕೆಲವರು "ಅದು ಗಣಿತದವರಿಗೆ" ಎಂದು ಮುಖ ತಿರುಗಿಸುತ್ತಾರೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತನಿಗೆ ಗ್ರಾಫ್ ಹೊಸದಲ್ಲ. ಮುಂಗಾರು ಶುರುವಾಯಿತೆಂದರೆ ಬೆಳಿಗ್ಗೆ ಪತ್ರಿಕೆ ಕೈಗೆ ಬಂದ ತಕ್ಷಣ ನಾವು ನೋಡುವುದು ಕೆಆರ್‌ಎಸ್‌ನ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಇಂದಿನ ಒಂದೇ ಅಂಕಿಯಿಂದ ರೈತನಿಗೆ ಸಮಾಧಾನವಾಗುವುದಿಲ್ಲ. ನಿನ್ನೆ ಎಷ್ಟಿತ್ತು, ಹೋದ ವರ್ಷ ಇದೇ ದಿನ ಎಷ್ಟಿತ್ತು, ನಾಲೆಗೆ ನೀರು ಯಾವಾಗ ಬಿಟ್ಟರು ಎಂದು ಅವನು ಮನಸ್ಸಿನಲ್ಲೇ ಜೋಡಿಸುತ್ತಾನೆ. ಅದೇ ಚಲಿಸುವ ಗ್ರಾಫ್. ಅವನ ತಲೆಯಲ್ಲಿ ನಡೆಯುವುದನ್ನೇ ನಾವು ಪರದೆಯ ಮೇಲೆ ತರುತ್ತಿದ್ದೇವೆ, ಅಷ್ಟೆ.

ನಿಂತ ಚಿತ್ರ ಒಂದು ಸ್ಥಿತಿಯನ್ನು ಹೇಳುತ್ತದೆ. ಚಲಿಸುವ ಚಿತ್ರ ಏರಿಳಿತದ ವೇಗವನ್ನು ಹೇಳುತ್ತದೆ. ಯಾವಾಗ ನಿಧಾನವಾಯಿತು, ಯಾವಾಗ ಓಡಿತು, ಯಾರು ಮುಂದೆ ಹೋದರು, ಯಾರು ಹಿಂದೆ ಉಳಿದರು ಎಂಬುದು ಅಂಕಿಗಳನ್ನು ಓದಲು ಅಭ್ಯಾಸವಿಲ್ಲದವರಿಗೂ ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನಲ್ಲಿ ಕಲಿತ ಸ್ವೀಡನ್ನಿನ ವೈದ್ಯ

ಈ ವಿದ್ಯೆಯನ್ನು ಜಗತ್ತಿಗೆ ಜನಪ್ರಿಯಗೊಳಿಸಿದವರು ಸ್ವೀಡನ್ ದೇಶದ ವೈದ್ಯ ಹಾನ್ಸ್ ರೋಸ್ಲಿಂಗ್. 1948ರಲ್ಲಿ ಹುಟ್ಟಿದವರು, 2017ರಲ್ಲಿ ತೀರಿಕೊಂಡರು. ನಮ್ಮ ಮಕ್ಕಳು ತಿಳಿಯಬೇಕಾದ ಸಂಗತಿಯೆಂದರೆ, 1972ರಲ್ಲಿ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯ ಕಲಿಯಲು ಬಂದಿದ್ದರು. ತಮ್ಮ ದೇಶದಲ್ಲಿ ತಾನು ಒಳ್ಳೆಯ ವಿದ್ಯಾರ್ಥಿ ಎಂಬ ಭರವಸೆ ಅವರಿಗಿತ್ತು. ಇಲ್ಲಿನ ತರಗತಿಯಲ್ಲಿ ಮೂತ್ರಪಿಂಡದ ಒಂದು ಎಕ್ಸ್‌ರೇ ತೋರಿಸಿದಾಗ, ಇಲ್ಲಿನ ವಿದ್ಯಾರ್ಥಿಗಳು ಕೊಟ್ಟ ಉತ್ತರ ಕೇಳಿ, ತಾನು ಇವರಿಗಿಂತ ಬಹಳ ಹಿಂದಿದ್ದೇನೆ ಎಂಬುದು ಅವರಿಗೆ ಅರಿವಾಯಿತು. ಪಶ್ಚಿಮವೇ ಮುಂದು, ಪೂರ್ವ ಯಾವಾಗಲೂ ಹಿಂದು ಎಂಬ ನಂಬಿಕೆ ಅಂದೇ ಕಳಚಿತು ಎಂದು ಅವರು ಮುಂದೆ ಹೇಳಿಕೊಂಡರು.

ಅವರು ಮಗ ಓಲಾ ಮತ್ತು ಸೊಸೆ ಅನ್ನಾ ಜೊತೆ ಸೇರಿ ಗ್ಯಾಪ್‌ಮೈಂಡರ್ ಸಂಸ್ಥೆ ಕಟ್ಟಿದರು. 2006ರ ಅವರ ಟೆಡ್ ಉಪನ್ಯಾಸದಲ್ಲಿ ದೇಶಗಳೆಲ್ಲ ಬಣ್ಣದ ಗುಳ್ಳೆಗಳಾಗಿ, ವರ್ಷ ಉರುಳಿದಂತೆ ಪರದೆಯ ಮೇಲೆ ಸರಿದಾಡಿದವು. 2009ರ ನವೆಂಬರಿನಲ್ಲಿ ನಮ್ಮ ಪಕ್ಕದ ಮೈಸೂರಿನ ಇನ್ಫೋಸಿಸ್ ಆವರಣದಲ್ಲೇ ಟೆಡ್ ಇಂಡಿಯಾ ಸಮ್ಮೇಳನ ನಡೆಯಿತು. ಅಲ್ಲಿ ಅವರು ಭಾರತ ಮತ್ತು ಚೀನಾದ ತಲಾ ಆದಾಯದ ಗುಳ್ಳೆಗಳನ್ನು ಓಡಿಸಿ, ಏಷ್ಯಾ ಮತ್ತೆ ಮುಂಚೂಣಿಗೆ ಬರುವ ದಿನ 2048ರ ಜುಲೈ 27 ಎಂದು ತಮಾಷೆಯಾಗಿ ತಾರೀಖನ್ನೂ ಹೇಳಿದರು. ಅದು ಅವರ ನೂರನೆಯ ಹುಟ್ಟುಹಬ್ಬದ ದಿನ!

ಆ ಗುಳ್ಳೆಗಳ ತಂತ್ರಾಂಶವನ್ನು 2007ರಲ್ಲಿ ಗೂಗಲ್ ಕೊಂಡುಕೊಂಡಿತು. ಆ ಕಾಲದ ಇಂಥ ಕೆಲಸಗಳೆಲ್ಲ ಬಹುತೇಕ ಫ್ಲಾಷ್ ಎಂಬ ತಂತ್ರದಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲಾಷ್‌ಗೆ ಅಡೋಬ್ ಕಂಪನಿ ಬೆಂಬಲ ನಿಲ್ಲಿಸಿತು. ಫ್ಲಾಷ್‌ನಲ್ಲಷ್ಟೇ ಇದ್ದ ಕೆಲಸ ಇಂದಿನ ಬ್ರೌಸರಿನಲ್ಲಿ ತೆರೆಯುವುದಿಲ್ಲ. ಇದರಿಂದ ಮೊದಲ ಪಾಠ ಕಲಿಯೋಣ. ವಿಡಿಯೋ ಒಂದನ್ನೇ ಇಟ್ಟುಕೊಂಡರೆ ಸಾಲದು. ಮೂಲ ಅಂಕಿಗಳ ಫೈಲನ್ನೂ, ಚಿತ್ರ ಬರೆದ ಕೋಡನ್ನೂ ಜೋಪಾನ ಮಾಡಬೇಕು. ನಾಳೆ ಈ ರೂಪ ಹಳತಾದರೆ ಇನ್ನೊಂದು ರೂಪದಲ್ಲಿ ಮತ್ತೆ ಹೊರತರಬಹುದು. ಬೀಜ ಇದ್ದರೆ ಬೆಳೆ ಮತ್ತೆ ಬರುತ್ತದೆ.

ನಾವು ಆರಿಸಿಕೊಂಡ ಅಂಕಿಗಳು

ವಿದ್ಯಾಸಂಘದವರಾದ ನಾವು ಸಾಕ್ಷರತೆಯ ಅಂಕಿಗಳನ್ನೇ ಆರಿಸಿಕೊಂಡೆವು. ಭಾರತದ ಜನಗಣತಿಯ ಪ್ರಕಾರ 1951ರಲ್ಲಿ ಪುರುಷರ ಸಾಕ್ಷರತೆ ಶೇಕಡಾ 27.2, ಮಹಿಳೆಯರದು 8.9. 1961ರಲ್ಲಿ 40.4 ಮತ್ತು 15.4. 1971ರಲ್ಲಿ 46.0 ಮತ್ತು 22.0. 1981ರಲ್ಲಿ 56.4 ಮತ್ತು 29.8. 1991ರಲ್ಲಿ 64.1 ಮತ್ತು 39.3. 2001ರಲ್ಲಿ 75.3 ಮತ್ತು 53.7. 2011ರಲ್ಲಿ 80.9 ಮತ್ತು 64.6.

ಈ ಪಟ್ಟಿಯನ್ನು ಓದಿದರೆ ಎರಡೂ ಏರುತ್ತಿವೆ, ಸಂತೋಷ ಎಂದು ಮುಂದೆ ಹೋಗುತ್ತೇವೆ. ಎರಡು ಗೆರೆಗಳಾಗಿ ಓಡಿಸಿ ನೋಡಿ. 1951ರಲ್ಲಿ ಇಬ್ಬರ ನಡುವಿನ ಅಂತರ 18.3 ಇತ್ತು. ಸ್ವಾತಂತ್ರ್ಯ ಬಂದು ಶಾಲೆಗಳು ಹೆಚ್ಚಿದ ಮೇಲೆ ಅಂತರ ಕಡಿಮೆಯಾಗಬೇಕಿತ್ತಲ್ಲವೇ? ಅದು ಹೆಚ್ಚಾಗಿ 1981ರಲ್ಲಿ 26.6 ಆಯಿತು. ಶಾಲೆ ಬಂದಾಗ ಮೊದಲು ಗಂಡುಮಕ್ಕಳನ್ನು ಕಳುಹಿಸಿದೆವು, ಹೆಣ್ಣುಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಂಡೆವು. ಆಮೇಲೆ ಗೆರೆಗಳು ಹತ್ತಿರವಾಗಲು ಶುರುವಾಗಿ 2011ಕ್ಕೆ ಅಂತರ 16.3ಕ್ಕೆ ಇಳಿಯಿತು. ಅರವತ್ತು ವರ್ಷ ನಡೆದು ಬಂದು ಅಂತರದ ಲೆಕ್ಕದಲ್ಲಿ ನಾವು ಹೊರಟ ಜಾಗಕ್ಕಿಂತ ಎರಡೇ ಹೆಜ್ಜೆ ಮುಂದಿದ್ದೇವೆ. ಪರದೆಯ ಮೇಲೆ ಎರಡು ಗೆರೆಗಳ ಬಾಯಿ ಅಗಲವಾಗುತ್ತಾ ಹೋಗುವುದನ್ನು ನೋಡಿದಾಗ ಸಭೆಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಕೋಡ್ ಹೇಗೆ ಕೆಲಸ ಮಾಡುತ್ತದೆ

ಇನ್ನು ಕೆಲಸಕ್ಕೆ ಬರೋಣ. ನಾವು ಬಳಸಿದ್ದು ಪೈಥಾನ್ ಭಾಷೆ, ಅದರಲ್ಲಿ ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್, ವಿಡಿಯೋ ಕಟ್ಟುವ ಎಫ್‌ಎಫ್‌ಎಂಪೆಗ್. ಮೂರಕ್ಕೂ ಹಣ ಕೊಡಬೇಕಾಗಿಲ್ಲ. ಎಫ್‌ಎಫ್‌ಎಂಪೆಗ್ 2000ದಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಆರಂಭಿಸಿದ್ದು. ಇಂದಿಗೂ ವಿಡಿಯೋ ಕೆಲಸ ಮಾಡುವ ಅನೇಕ ತಂತ್ರಾಂಶಗಳ ಒಳಗೆ ಅದೇ ದುಡಿಯುತ್ತಿದೆ. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಅವುಗಳ ಉಚ್ಚಾರವನ್ನು ಮಾತ್ರ ಹೇಳುತ್ತೇನೆ.

ಹಿಂದೆ ಶಾಲಾ ಮಕ್ಕಳು ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು ಸರಸರನೆ ಪುಟ ಬಿಟ್ಟು ಕುದುರೆ ಓಡಿಸುತ್ತಿದ್ದರು. ನೆನಪಿದೆಯೇ? ಚಲಿಸುವ ಗ್ರಾಫ್ ಅದೇ ಆಟ. ಒಂದೊಂದು ಪುಟಕ್ಕೂ ಫ್ರೇಮ್ ಎಂದು ಹೆಸರು.

ಮೊದಲ ಹೆಜ್ಜೆ: ಖಾಲಿ ಗ್ರಾಫ್ ಹಾಕುವುದು. ಅಡ್ಡಕ್ಕೆ ವರ್ಷ, ಉದ್ದಕ್ಕೆ ಶೇಕಡಾ. ಉದ್ದದ ಅಳತೆಯನ್ನು 0ಯಿಂದ 100ಕ್ಕೆ ಗಟ್ಟಿಯಾಗಿ ಕಟ್ಟಿಬಿಡಬೇಕು. ಇಲ್ಲದಿದ್ದರೆ ಕೋಡ್ ಬರೆದ ರೀತಿಯನ್ನನುಸರಿಸಿ ಪ್ರತಿ ಫ್ರೇಮಿನಲ್ಲೂ ಅಳತೆ ಬದಲಾಗಿ, ಏರುವ ಗೆರೆ ನಿಂತಂತೆಯೂ ನಿಂತ ಗೆರೆ ಕುಣಿದಂತೆಯೂ ಕಾಣಬಹುದು.

ಎರಡನೆಯ ಹೆಜ್ಜೆ: ‘ಅಪ್‌ಡೇಟ್’ ಎಂಬ ಹೆಸರಿನ ಒಂದು ಫಂಕ್ಷನ್ ಬರೆಯುವುದು. ಅದಕ್ಕೆ ಫ್ರೇಮಿನ ಸಂಖ್ಯೆ ಕೊಟ್ಟರೆ, ಅಲ್ಲಿಯವರೆಗಿನ ಗೆರೆ ಎಳೆದು ವರ್ಷವನ್ನು ಮೇಲೆ ಬರೆಯಬೇಕು. ಇಡೀ ಕೆಲಸದ ಜೀವ ಇದೇ.

ಮೂರನೆಯ ಹೆಜ್ಜೆ: ‘ಫಂಕ್‌ಆನಿಮೇಷನ್’ಗೆ ಈ ಗ್ರಾಫನ್ನೂ, ಅಪ್‌ಡೇಟ್ ಫಂಕ್ಷನ್ನನ್ನೂ, ಎಷ್ಟು ಫ್ರೇಮ್ ಎಂಬುದನ್ನೂ ಒಪ್ಪಿಸುವುದು. ಇಲ್ಲೊಂದು ಎಚ್ಚರಿಕೆ. ಅದು ಕೊಡುವ ಫಲಿತಾಂಶಕ್ಕೆ ಒಂದು ಹೆಸರಿಟ್ಟು ಹಿಡಿದುಕೊಳ್ಳಬೇಕು. ಹೆಸರಿಡದೆ ಬಿಟ್ಟರೆ ಪೈಥಾನ್ ಅದನ್ನು ಯಾರಿಗೂ ಬೇಡದ ವಸ್ತು ಎಂದು ಗುಡಿಸಿ ಹಾಕುತ್ತದೆ, ಪರದೆಯ ಮೇಲೆ ಏನೂ ಓಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ‘ಸೇವ್’ ಆದೇಶ. ಫೈಲಿನ ಹೆಸರು ಎಂಪಿ4 ಎಂದು ಮುಗಿಯಬೇಕು, ರೈಟರ್ ಎಫ್‌ಎಫ್‌ಎಂಪೆಗ್, ಸೆಕೆಂಡಿಗೆ ಎಷ್ಟು ಫ್ರೇಮ್, ಅಂಗುಲಕ್ಕೆ ಎಷ್ಟು ಚುಕ್ಕೆ ಎಂದು ಹೇಳಬೇಕು. 8 ಅಂಗುಲ ಅಗಲ, 4.5 ಅಂಗುಲ ಎತ್ತರದ ಚಿತ್ರಕ್ಕೆ ಅಂಗುಲಕ್ಕೆ 160 ಚುಕ್ಕೆ ಎಂದರೆ 1280ಕ್ಕೆ 720 ಚುಕ್ಕೆಗಳ ವಿಡಿಯೋ ಸಿಗುತ್ತದೆ. ಮೊಬೈಲಿಗೆ ಧಾರಾಳ. ನಾವು ಒಂದು ಗಣತಿಯಿಂದ ಇನ್ನೊಂದಕ್ಕೆ 60 ಹೆಜ್ಜೆ ಇಟ್ಟೆವು. ಆರು ದಶಕಕ್ಕೆ ಒಟ್ಟು 361 ಫ್ರೇಮ್. ಸೆಕೆಂಡಿಗೆ 15ರಂತೆ 24 ಸೆಕೆಂಡಿನ ವಿಡಿಯೋ.

ಆರ್ ಭಾಷೆ ಕಲಿತವರು ಜಿಜಿಆನಿಮೇಟ್ ಎಂಬ ಪ್ಯಾಕೇಜಿನಿಂದ ಇದೇ ಕೆಲಸ ಮಾಡಬಹುದು. ದಾರಿ ಬೇರೆ, ಊರು ಒಂದೇ.

ನನ್ನ ಮೊದಲ ತಪ್ಪು: ನನ್ನ ಕಂಪ್ಯೂಟರಿನಲ್ಲಿ ಓಡಿತು

ಮೊದಲ ಸಲ ನಾನು ‘ಸೇವ್’ ಆದೇಶ ಬಳಸಲಿಲ್ಲ. ಪ್ರತಿ ಫ್ರೇಮನ್ನೂ ಒಂದೊಂದು ಪಿಎನ್‌ಜಿ ಚಿತ್ರವಾಗಿ ಉಳಿಸಿ, ಎಲ್ಲವನ್ನೂ ಎಫ್‌ಎಫ್‌ಎಂಪೆಗ್‌ಗೆ ನಾನೇ ಕೊಟ್ಟು ವಿಡಿಯೋ ಕಟ್ಟಿದೆ. ನನ್ನ ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಚೆನ್ನಾಗಿ ಓಡಿತು. ಸಂತೋಷದಿಂದ ಸಂಘದ ಗುಂಪಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಫೋನ್ ಮಾಡತೊಡಗಿದರು: "ಭಾಯ್, ಕಪ್ಪಗೆ ಕಾಣುತ್ತೆ," "ಸಾರ್, ಓಪನ್ನೇ ಆಗ್ತಿಲ್ಲ."

ಫೈಲ್ ಕೆಟ್ಟಿರಲಿಲ್ಲ. ದೋಷ ಬಣ್ಣ ಉಳಿಸುವ ರೀತಿಯಲ್ಲಿತ್ತು. ವಿಡಿಯೋದಲ್ಲಿ ಬೆಳಕು ಬೇರೆ, ಬಣ್ಣ ಬೇರೆಯಾಗಿ ಶೇಖರವಾಗುತ್ತವೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ತಿಳಿಯುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸ ತಿಳಿಯದು. ಆದ್ದರಿಂದ ಸಾಮಾನ್ಯ ವಿಡಿಯೋಗಳಲ್ಲಿ ನಾಲ್ಕು ಚುಕ್ಕೆಗಳಿಗೆ ಸೇರಿ ಒಂದೇ ಬಣ್ಣದ ಲೆಕ್ಕ ಇಡುತ್ತಾರೆ. ಈ ರೀತಿಗೆ ‘ವೈಯುವಿ420ಪಿ’ ಎಂದು ಹೆಸರು. ಮೊಬೈಲು, ಬ್ರೌಸರುಗಳು ಸಾಮಾನ್ಯವಾಗಿ ನಿರೀಕ್ಷಿಸುವುದು ಇದನ್ನೇ. ಪಿಎನ್‌ಜಿ ಚಿತ್ರಗಳನ್ನು ಹಾಗೇ ಕೊಟ್ಟಾಗ ಎಫ್‌ಎಫ್‌ಎಂಪೆಗ್ ಪ್ರತಿ ಚುಕ್ಕೆಗೂ ಪೂರ್ಣ ಬಣ್ಣ ಉಳಿಸುವ ಇನ್ನೊಂದು ರೀತಿಯನ್ನು ಆರಿಸಿಕೊಂಡಿತ್ತು. ಅದನ್ನು ಓದುವ ಶಕ್ತಿ ವಿಎಲ್‌ಸಿಗೆ ಇದೆ, ಅನೇಕ ಮೊಬೈಲುಗಳಿಗೆ ಇಲ್ಲ.

ಪರಿಹಾರ ಸುಲಭ. ‘ಪಿಕ್ಸ್ ಎಫ್‌ಎಂಟಿ’ ಎಂಬ ಸೂಚನೆಯಲ್ಲಿ ವೈಯುವಿ420ಪಿ ಎಂದು ನಾವೇ ಹೇಳಬೇಕು. ನಾಲ್ಕು ಚುಕ್ಕೆಗಳಿಗೆ ಒಂದು ಬಣ್ಣ ಎಂದ ಮೇಲೆ ಅಗಲವೂ ಎತ್ತರವೂ ಸಮಸಂಖ್ಯೆಯಾಗಿರಬೇಕು. 1281 ಚುಕ್ಕೆ ಅಗಲವಿದ್ದರೆ ಎಫ್‌ಎಫ್‌ಎಂಪೆಗ್ ಒಪ್ಪುವುದಿಲ್ಲ. ಈಗಿನ ಮ್ಯಾಟ್‌ಪ್ಲಾಟ್‌ಲಿಬ್‌ನ ‘ಸೇವ್’ ಮೂಲಕ ಹೋದರೆ ಈ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಚಿತ್ರಗಳಿಂದ ನಾವೇ ಕಟ್ಟುವುದಾದರೆ ನಾವೇ ಹೇಳಬೇಕು.

ಇನ್ನೊಂದು ಸೂಚನೆಯ ಹೆಸರು ‘ಫಾಸ್ಟ್‌ಸ್ಟಾರ್ಟ್’. ಎಂಪಿ4 ಫೈಲಿಗೆ ಪುಸ್ತಕದ ಪರಿವಿಡಿಯಂಥ ಒಂದು ಭಾಗವಿದೆ. ಯಾವ ಫ್ರೇಮ್ ಎಲ್ಲಿದೆ ಎಂಬ ಲೆಕ್ಕ ಅದರಲ್ಲಿದೆ. ಎಲ್ಲ ಬರೆದು ಮುಗಿದ ಮೇಲೆ ತಾನೇ ಲೆಕ್ಕ ಸಿಗುವುದು? ಹಾಗಾಗಿ ಎಫ್‌ಎಫ್‌ಎಂಪೆಗ್ ಅದನ್ನು ಫೈಲಿನ ಕೊನೆಯಲ್ಲಿಡುತ್ತದೆ. ಫಾಸ್ಟ್‌ಸ್ಟಾರ್ಟ್ ಎಂದರೆ ಅದನ್ನು ಎತ್ತಿ ಮೊದಲಿಗೆ ತರುತ್ತದೆ. ಆಗ ಪೂರ್ತಿ ಡೌನ್‌ಲೋಡ್ ಆಗುವ ಮೊದಲೇ ವಿಡಿಯೋ ಶುರುವಾಗುತ್ತದೆ. ನೆಟ್‌ವರ್ಕ್ ಸರಿಯಾಗಿ ಸಿಗದ ಹಳ್ಳಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ವೆಬ್ ಪುಟದಲ್ಲಿ ಹಾಕುವಾಗ ‘ವಿಡಿಯೋ’ ಎಂಬ ಟ್ಯಾಗ್ ಸಾಕು. ಅದರಲ್ಲಿ ‘ಕಂಟ್ರೋಲ್ಸ್’ ಎಂಬ ಪದ ತಪ್ಪದೆ ಸೇರಿಸಿ, ಆಗ ನಿಲ್ಲಿಸುವ, ಹಿಂದೆ ಎಳೆಯುವ ಗುಂಡಿಗಳು ಬರುತ್ತವೆ. ತಾನಾಗಿಯೇ ಓಡಬೇಕಾದರೆ ‘ಮ್ಯೂಟೆಡ್’ ಎಂದೂ ಇರಬೇಕು. ಶಬ್ದ ಮಾಡುತ್ತಾ ತಾನೇ ಓಡುವ ವಿಡಿಯೋಗಳನ್ನು ಬ್ರೌಸರುಗಳು ಸಾಮಾನ್ಯವಾಗಿ ತಡೆಯುತ್ತವೆ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಎಂದು ಕಳುಹಿಸಿ. ವಿಡಿಯೋ ಎಂದು ಕಳುಹಿಸಿದರೆ ಅದು ಮತ್ತೆ ಹಿಂಡಿ ಚಿಕ್ಕದು ಮಾಡುವುದರಿಂದ ಸಣ್ಣ ಅಕ್ಷರಗಳು ಮಸುಕಾಗುತ್ತವೆ.

"ಜಿಐಎಫ್ ಮಾಡಿದರೆ ಸಾಲದೇ?" ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಜಿಐಎಫ್ 1987ರ ರೂಪ. ಒಂದು ಫ್ರೇಮಿಗೆ 256 ಬಣ್ಣಗಳಷ್ಟೇ. ಅದರಲ್ಲಿ ನಿಲ್ಲಿಸುವ ಗುಂಡಿಯೂ ಇಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ನ ‘ಟು ಜೆಎಸ್‌ಎಚ್‌ಟಿಎಂಎಲ್’ ಎಂಬ ದಾರಿಯಲ್ಲಿ ಒಂದೊಂದೇ ಫ್ರೇಮ್ ಮುಂದೆ ಹಿಂದೆ ಹೋಗುವ ಗುಂಡಿಗಳು ಸಿಗುತ್ತವೆ, ತರಗತಿಗೆ ಬಹಳ ಒಳ್ಳೆಯದು. ಆದರೆ ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿ ಪುಟದೊಳಗೆ ಸೇರುವುದರಿಂದ ಫೈಲ್ ದೊಡ್ಡದಾಗುತ್ತದೆ. ನಾವು ಬದಲಾಯಿಸದಿದ್ದರೆ ಮಿತಿ 20 ಎಂಬಿ. ಅದನ್ನು ದಾಟಿದ ಫ್ರೇಮ್‌ಗಳನ್ನು ಅದು ಒಂದು ಎಚ್ಚರಿಕೆ ಬರೆದು ಕೈಬಿಡುತ್ತದೆ. ಎಚ್ಚರಿಕೆ ಓದದಿದ್ದರೆ ನಮ್ಮ ಕಥೆ 2011ರ ಬದಲು 1991ಕ್ಕೇ ಮುಗಿದರೂ ಗೊತ್ತಾಗುವುದಿಲ್ಲ.

ಕನ್ನಡ ಅಕ್ಷರಗಳ ತೊಡಕು

ನಮಗೇ ಬರುವ ಇನ್ನೊಂದು ತೊಡಕು ಕನ್ನಡದ್ದು. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೇಜಾವು ಅಕ್ಷರಶೈಲಿಯಲ್ಲಿ ಕನ್ನಡವಿಲ್ಲ. ಶೀರ್ಷಿಕೆಯ ಜಾಗದಲ್ಲಿ ಬರೀ ಚೌಕಗಳು ಬರುತ್ತವೆ. ನೋಟೋ ಸಾನ್ಸ್ ಕನ್ನಡದಂಥ ಅಕ್ಷರಶೈಲಿ ಕೊಟ್ಟರೂ ಅದರ ಅನೇಕ ಆವೃತ್ತಿಗಳಲ್ಲಿ ಒತ್ತಕ್ಷರಗಳು ಕೂಡುವುದಿಲ್ಲ. ‘ಮದ್ದೂರು’ ಎಂದು ಬರೆದರೆ ದಕಾರ ಒಂದು ಕಡೆ, ಒತ್ತು ಇನ್ನೊಂದು ಕಡೆ ಬೀಳುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ, ಚಿತ್ರದೊಳಗೆ ಅಂಕಿಗಳನ್ನಷ್ಟೇ ಇಡುವುದು. ಕನ್ನಡದ ಶೀರ್ಷಿಕೆ, ವಿವರಣೆಗಳನ್ನು ವೆಬ್ ಪುಟದಲ್ಲಿ ವಿಡಿಯೋದ ಮೇಲೆ ಕೆಳಗೆ ಬರೆಯುವುದು. ಬ್ರೌಸರಿಗೆ ಕನ್ನಡ ಜೋಡಿಸುವುದು ಚೆನ್ನಾಗಿ ಗೊತ್ತು. ಹೆಣ್ಣುಮಕ್ಕಳ ಸಾಕ್ಷರತೆಯ ಕಥೆಯನ್ನು ಅವರ ತಾಯಂದಿರಿಗೆ ಓದಲಾಗದ ಇಂಗ್ಲಿಷಿನಲ್ಲಿ ಬರೆದು ತೋರಿಸುವುದು ಸರಿಯಲ್ಲ.

ನನ್ನ ಎರಡನೆಯ ತಪ್ಪು: ಖಾಲಾ ಕೇಳಿದ ಪ್ರಶ್ನೆ

ಸರಿಪಡಿಸಿದ ವಿಡಿಯೋವನ್ನು ಪೋಷಕರ ಸಭೆಯಲ್ಲಿ ತೋರಿಸಿದೆ. ಎಲ್ಲರ ಮೊಬೈಲಿನಲ್ಲೂ ಓಡಿತು. ನಾನು ಒಳಗೊಳಗೇ ಹಿಗ್ಗಿದೆ. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಖಾಲಾ ಕೈ ಎತ್ತಿದರು.

"ಬೇಟಾ, ಸ್ವಲ್ಪ ನಿಲ್ಸು. ನಾನು ಇಸ್ಕೂಲು ಬಿಟ್ಟಿದ್ದು ಎಂಬತ್ತಾರನೇ ಇಸ್ವಿ. ಆ ವರ್ಷ ಎಲ್ಲೈತೆ ತೋರ್ಸು."

ಹಿಂದೆ ಎಳೆದು 1986ಕ್ಕೆ ನಿಲ್ಲಿಸಿದೆ. ಮಹಿಳೆಯರ ಗೆರೆಯ ತುದಿಯಲ್ಲಿ 34.5 ಎಂದಿತ್ತು. ಅವರು ಅದನ್ನೇ ನೋಡುತ್ತಾ ಕೇಳಿದರು: "ಗಣತಿಯವರು ಹತ್ತು ವರ್ಷಕ್ಕೊಂದ್ಸಲ ಬರ್ತಾರೆ ಅಂತ ನೀನೇ ಹೇಳಿದ್ಯಲ್ಲ. ಮತ್ತೆ ಎಂಬತ್ತಾರರ ಲೆಕ್ಕ ಯಾರು ಕೊಟ್ರು?"

ನನ್ನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಲೆಕ್ಕ ಕೊಟ್ಟದ್ದು ನನ್ನ ಕೋಡ್. 1981ರ 29.8 ಮತ್ತು 1991ರ 39.3ರ ನಡುವೆ ನೇರ ಗೆರೆ ಎಳೆದು, ಅರ್ಧ ದಾರಿಯ ಅಂಕಿಯನ್ನು ಅದು ಬರೆದಿತ್ತು. ಚಿತ್ರ ನುಣುಪಾಗಿ ಓಡಲೆಂದು ನಾನು ಹಾಗೆ ಮಾಡಿದ್ದೆ. 361 ಫ್ರೇಮ್‌ಗಳಲ್ಲಿ ಮನೆ ಮನೆಗೆ ಹೋಗಿ ಎಣಿಸಿ ತಂದ ಅಂಕಿಗಳಿದ್ದದ್ದು ಏಳರಲ್ಲಿ ಮಾತ್ರ. ಉಳಿದ 354 ನನ್ನ ಊಹೆ. ಅದನ್ನು ನಾನು ಎಲ್ಲೂ ಹೇಳಿರಲಿಲ್ಲ.

ನಮ್ಮ ಸಂಪ್ರದಾಯದಲ್ಲಿ ಹದೀಸ್ ವಿದ್ವಾಂಸರು ಯಾವ ಮಾತನ್ನೂ ಸನದು ಇಲ್ಲದೆ ಸ್ವೀಕರಿಸುತ್ತಿರಲಿಲ್ಲ. ಇದನ್ನು ಯಾರು ಹೇಳಿದರು, ಅವರಿಗೆ ಯಾರಿಂದ ಬಂತು, ಆ ವ್ಯಕ್ತಿ ನಂಬಲರ್ಹರೇ, ಇಬ್ಬರೂ ಭೇಟಿಯಾಗಿದ್ದು ಸಾಧ್ಯವೇ ಎಂದು ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸುತ್ತಿದ್ದರು. ಕೊಂಡಿ ಕಳಚಿದ್ದರೆ ಕಳಚಿದೆ ಎಂದು ಬರೆದಿಡುತ್ತಿದ್ದರು. ಅಂಥ ಪರಂಪರೆಯಲ್ಲಿ ಬಂದವನು ನಾನು ಸನದಿಲ್ಲದ 354 ಚಿತ್ರಗಳನ್ನು ಸನದಿರುವ ಏಳರ ಜೊತೆ ಒಂದೇ ಬಣ್ಣದಲ್ಲಿ ತೋರಿಸಿದ್ದೆ. ಅದನ್ನು ಹಿಡಿದವರು ಓದು ಅರ್ಧಕ್ಕೆ ನಿಂತ ಒಬ್ಬ ತಾಯಿ. ‘ನಿಲ್ಸು’ ಎಂಬ ಗುಂಡಿ ಇಲ್ಲದಿದ್ದರೆ ಅವರಿಗೂ ಹಿಡಿಯಲು ಆಗುತ್ತಿರಲಿಲ್ಲ. ಕಂಟ್ರೋಲ್ಸ್ ಎಂಬ ಪದ ತಪ್ಪದೆ ಸೇರಿಸಿ ಎಂದು ನಾನು ಹೇಳಿದ್ದು ಇದಕ್ಕೇ. ನೋಡುಗನಿಗೆ ನಿಲ್ಲಿಸಿ ಕೇಳುವ ಹಕ್ಕು ಇರಬೇಕು.

ಹೀಗೆ ಸರಿಪಡಿಸಿದೆವು. ಗಣತಿಯ ವರ್ಷಗಳಿಗೆ ದಪ್ಪ ಚುಕ್ಕೆ ಇಟ್ಟೆವು. ನಡುವಿನ ಗೆರೆಯನ್ನು ತುಂಡು ತುಂಡಾಗಿ, ಮಸುಕಾಗಿ ಎಳೆದೆವು, ಅಲ್ಲಿ ಅಂಕಿ ಬರೆಯಲಿಲ್ಲ. ಪ್ರತಿ ಗಣತಿಯಲ್ಲೂ ಚಿತ್ರ ಎರಡು ಸೆಕೆಂಡು ನಿಲ್ಲುವಂತೆ ಮಾಡಿದೆವು. ಇದಕ್ಕೆ ಫಂಕ್‌ಆನಿಮೇಷನ್‌ಗೆ ಫ್ರೇಮ್‌ಗಳ ಸಂಖ್ಯೆಯ ಬದಲು ಒಂದು ಪಟ್ಟಿ ಕೊಟ್ಟು, ಗಣತಿಯ ಫ್ರೇಮನ್ನು ಇನ್ನೂ 30 ಸಲ ಬರೆದರೆ ಸಾಕು. ಏಳು ನಿಲುಗಡೆಗೆ 210 ಫ್ರೇಮ್ ಹೆಚ್ಚಾಗಿ ವಿಡಿಯೋ 38 ಸೆಕೆಂಡಿನದಾಯಿತು. ಕೆಳಗೆ ಒಂದು ಸಾಲು ಸೇರಿಸಿದೆವು: ಚುಕ್ಕೆಗಳು ಗಣತಿಯವು, ನಡುವಿನ ಗೆರೆ ನಮ್ಮ ಅಂದಾಜು. ಚಿತ್ರ ಮೊದಲಿನಷ್ಟು ನುಣುಪಾಗಿಲ್ಲ. ಆದರೆ ಈಗ ಅದರ ಮುಂದೆ ನಿಂತು ಯಾರ ಪ್ರಶ್ನೆಗಾದರೂ ಉತ್ತರ ಕೊಡಬಹುದು.

ಅಂಕಿಯ ಹಿಂದಿನ ಅಂಕಿ

ಚುಕ್ಕೆಗಳನ್ನೂ ಕಣ್ಣು ಮುಚ್ಚಿ ಜೋಡಿಸುವಂತಿಲ್ಲ. 1951, 1961, 1971ರ ಸಾಕ್ಷರತೆ 5 ವರ್ಷ ಮೇಲ್ಪಟ್ಟವರದು. 1981ರಿಂದ 7 ವರ್ಷ ಮೇಲ್ಪಟ್ಟವರದು. 1981ರಲ್ಲಿ ಅಸ್ಸಾಮಿನಲ್ಲೂ 1991ರಲ್ಲಿ ಜಮ್ಮು ಕಾಶ್ಮೀರದಲ್ಲೂ ಗಣತಿ ನಡೆಯಲಿಲ್ಲ. 2011ಕ್ಕೆ ಒಟ್ಟು ಸಾಕ್ಷರತೆ 74.04 ಎಂಬ ತಾತ್ಕಾಲಿಕ ಅಂಕಿ ಮೊದಲು ಬಂತು, ಅಂತಿಮ ಅಂಕಿ 72.99. ಇಂದಿಗೂ ಎರಡೂ ಚಲಾವಣೆಯಲ್ಲಿವೆ. ಯಾವುದನ್ನು ಬಳಸಿದ್ದೇವೆ ಎಂದು ಬರೆಯಬೇಕು.

ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಒಂದು ಉದಾಹರಣೆ ಕೇಳಿ. 2001ರಲ್ಲಿ ಭಾರತದ ಮುಸ್ಲಿಮರ ಸಾಕ್ಷರತೆ ಶೇಕಡಾ 59.1. 2011ರ ಗಣತಿಯ ಧರ್ಮವಾರು ಅಂಕಿಗಳು ಪ್ರಕಟವಾದಾಗ ಮುಸ್ಲಿಮರಲ್ಲಿ ಶೇಕಡಾ 42.7 ಜನ ಅನಕ್ಷರಸ್ಥರು ಎಂದು ಸುದ್ದಿಯಾಯಿತು. ಅಂದರೆ ಅಕ್ಷರಸ್ಥರು 57.3. ಎರಡನ್ನೂ ಒಂದೇ ಗ್ರಾಫಿಗೆ ಹಾಕಿ ಓಡಿಸಿದರೆ ಹತ್ತು ವರ್ಷದಲ್ಲಿ ಸಮುದಾಯ ಹಿಂದಕ್ಕೆ ಬಿದ್ದಂತೆ ಗೆರೆ ಕೆಳಗಿಳಿಯುತ್ತದೆ. ಅದು ಸುಳ್ಳು. 59.1 ಎಂಬುದು 7 ವರ್ಷ ಮೇಲ್ಪಟ್ಟವರ ಲೆಕ್ಕ. 57.3 ಎಂಬುದು ತೊಟ್ಟಿಲ ಕೂಸುಗಳನ್ನೂ ಸೇರಿಸಿದ ಲೆಕ್ಕ. 7 ವರ್ಷ ಮೇಲ್ಪಟ್ಟವರ ಅಳತೆಯಲ್ಲಿ 2011ರ ಅಂಕಿ 68.5. ಗೆರೆ ಇಳಿಯಲಿಲ್ಲ, ಒಂಬತ್ತಕ್ಕಿಂತ ಹೆಚ್ಚು ಏರಿತು. ಯಾರೂ ಬೇಕೆಂದು ಮೋಸ ಮಾಡದಿದ್ದರೂ, ಎರಡು ಅಳತೆಗಳನ್ನು ಬೆರೆಸಿದರೆ ಒಂದು ಸಮುದಾಯದ ಮರ್ಯಾದೆ ಹೋಗಬಹುದು. ಕರ್ನಾಟಕದಲ್ಲಿ 2001ರಲ್ಲಿ ಮುಸ್ಲಿಮರ ಸಾಕ್ಷರತೆ 70.1 ಇತ್ತು, ರಾಜ್ಯದ ಒಟ್ಟು ಸರಾಸರಿ 66.6. ಇದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಇದು ಗೊತ್ತಾದರೆ ಬೀಗುವುದೂ ಬೇಡ, ಯಾರೋ ಹಿಂದುಳಿದವರು ಎಂದಾಗ ತಲೆ ತಗ್ಗಿಸುವುದೂ ಬೇಡ. ಅಕ್ಷರ ಕಲಿತವರು ಕಾಲೇಜಿನವರೆಗೆ ಹೋದರೇ ಎಂಬ ಮುಂದಿನ ಪ್ರಶ್ನೆ ಕೇಳಿಕೊಳ್ಳೋಣ.

ಇನ್ನೊಂದು ಮಾತು. ಎಲ್ಲವನ್ನೂ ಓಡಿಸಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಸಾಕ್ಷರತೆ 2001ರಲ್ಲಿ ಸುಮಾರು 61, 2011ರಲ್ಲಿ ಸುಮಾರು 70. ಎರಡೇ ಅಂಕಿಗಳಿದ್ದಾಗ ವಿಡಿಯೋ ಬೇಡ, ಒಂದು ವಾಕ್ಯ ಸಾಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಊಹೆಯೇ ಬೇಡದ ಗ್ರಾಫೂ ಇದೆ, ಅದನ್ನು ನಿಮಗೆ ಮನೆಕೆಲಸವಾಗಿ ಕೊಡುತ್ತೇನೆ. ಜೂನ್ ಒಂದರಿಂದ ದಿನವೂ ಪತ್ರಿಕೆಯಿಂದ ಕೆಆರ್‌ಎಸ್ ಮಟ್ಟವನ್ನು ತಾರೀಖಿನೊಂದಿಗೆ ಬರೆದಿಡಿ. ಯಾವ ಪತ್ರಿಕೆ ಎಂದೂ ಬರೆಯಿರಿ, ಅದು ಅದರ ಸನದು. ಒಂದು ದಿನ ತಪ್ಪಿದರೆ ಖಾಲಿ ಬಿಡಿ, ಅಂದಾಜಿನಿಂದ ತುಂಬಬೇಡಿ. ವರ್ಷ ಮುಗಿದಾಗ 365 ದಿನ, 365 ಫ್ರೇಮ್, ಒಂದೊಂದೂ ನಿಜವಾಗಿ ಅಳೆದದ್ದು. ಸೆಕೆಂಡಿಗೆ 15ರಂತೆ ಓಡಿಸಿದರೆ ಒಂದು ವರ್ಷದ ಕಾವೇರಿ 24 ಸೆಕೆಂಡಿನಲ್ಲಿ ತುಂಬಿ ಇಳಿಯುವುದನ್ನು ನಿಮ್ಮ ಅಜ್ಜನಿಗೆ ತೋರಿಸಿ. ಯಾವ ವಾರ ನಾಲೆಗೆ ನೀರು ಬಿಟ್ಟರು ಎಂದು ಅವರೇ ನಿಮಗೆ ಬೆರಳಿಟ್ಟು ಹೇಳುತ್ತಾರೆ.

ಸಂಘಕ್ಕೂ ಒಂದು ವಿನಂತಿ. ನಮ್ಮ ಸಹಾಯ ಪಡೆದ ಮಕ್ಕಳಲ್ಲಿ ಪ್ರತಿ ವರ್ಷ ಎಷ್ಟು ಹೆಣ್ಣುಮಕ್ಕಳು ಹತ್ತನೇ ತರಗತಿ ದಾಟಿದರು, ಎಷ್ಟು ಮಂದಿ ಪಿಯುಸಿಗೆ ಹೋದರು, ಎಷ್ಟು ಮಂದಿ ನಡುವೆ ನಿಂತರು ಎಂಬುದನ್ನು ಹೆಸರಿಲ್ಲದೆ ಸಂಖ್ಯೆಯಾಗಿ ಬರೆದಿಡೋಣ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೂಡಿ, ಮುಂದಿನ ಗಣತಿಯನ್ನು 2027ಕ್ಕೆ ನಿಗದಿ ಮಾಡಿ ಸರ್ಕಾರ 2025ರಲ್ಲಿ ಪ್ರಕಟಿಸಿತು. 2011ರ ನಂತರ ಹದಿನಾರು ವರ್ಷಗಳ ಖಾಲಿ ಜಾಗ. ಆ ಜಾಗವನ್ನು ನೇರ ಗೆರೆಯಿಂದ ತುಂಬುವುದು ಸುಲಭ. ನಮ್ಮ ಬೀದಿಯ ಮಟ್ಟಿಗಾದರೂ ಅದನ್ನು ಎಣಿಕೆಯಿಂದ ತುಂಬಲು ನಮಗೆ ಸಾಧ್ಯವಿದೆ.

ಅಲ್ಗಾರಿದಮ್ ಎಂಬ ಪದ ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿ ದುಡಿದ ಅಲ್ ಖ್ವಾರಿಜ್ಮಿಯವರ ಹೆಸರಿನಿಂದ ಬಂತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಸರಿ. ಅವರ ಹೆಸರು ಹೊತ್ತ ಕೆಲಸವನ್ನು ನಮ್ಮ ಮಕ್ಕಳು ಕೈಯಾರೆ ಮಾಡಿದರೆ ಆ ಹೆಮ್ಮೆಗೆ ಅರ್ಥ ಬರುತ್ತದೆ.

ಆ ಖಾಲಾ ಸಭೆ ಮುಗಿದ ಮೇಲೆ ಮೊಮ್ಮಗಳ ಕೈ ಹಿಡಿದು ನನ್ನ ಬಳಿ ಬಂದರು. "ಇವಳಿಗೂ ಇದನ್ನ ಕಲ್ಸು. ನಡುವೆ ಬಿಡ್ಬೇಡ," ಎಂದರು. ಕೋಡ್ ಕಲಿಸುವುದನ್ನು ಬಿಡಬೇಡ ಎಂದರೋ, ಓದನ್ನು ಬಿಡಿಸಬೇಡ ಎಂದರೋ ನಾನು ಕೇಳಲಿಲ್ಲ. ಆ ಹುಡುಗಿ ಇಂದು ಈ ಸಭೆಯಲ್ಲಿ ಮೊದಲ ಸಾಲಿನಲ್ಲೇ ಕುಳಿತಿದ್ದಾಳೆ. ಈಗ ನೀವು ನೋಡಲಿರುವ ವಿಡಿಯೋದ ನಿಲುಗಡೆಗಳನ್ನು ಬರೆದವಳು ಅವಳೇ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ, ತಿಳಿದದ್ದನ್ನು ತಿಳಿದಷ್ಟೇ ಹೇಳುವ ಪ್ರಾಮಾಣಿಕತೆಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.